ಸ್ವರಲಿಪಿ ಅಂಗೈಯಲ್ಲಿ, ಧಾಟಿ ಯಾರ ಕೈಯಲ್ಲಿ?

ಭಜನೆಗೆ ಕುಳಿತಾಗ ಪೇಟಿ ಬಾರಿಸುವವರ ಪಕ್ಕದಲ್ಲಿ ಒಂದು ವಹಿ ಇದ್ದೇ ಇರುತ್ತದೆ. ಕೈ ತಾಗಿ ತಾಗಿ ಅಂಚು ಕಪ್ಪಾದ, ಹೊಲಿಗೆ ಬಿಚ್ಚಿದ ವಹಿ. ತುಂಬ ಪದಗಳು, ಅಲ್ಲೊಂದು ಇಲ್ಲೊಂದು ಪದದ ಮೇಲೆ ಸರಿಗಮ ಗುರುತು. ಅಫಜಲಪುರ ತಾಲ್ಲೂಕಿನ ಅತನೂರಿನಂಥ ಊರುಗಳಲ್ಲಿ ಸಂಗೀತ ಕಲಿಯಬೇಕೆಂದ ಹುಡುಗರಿಗೆ ಬಹಳ ಕಾಲ ಇಂಥ ವಹಿಯೇ ಗ್ರಂಥಾಲಯ. ವಹಿಯ ಒಡೆಯರು ಮನಸ್ಸು ಮಾಡಿದರೆ ನಕಲು ಮಾಡಿಕೊಳ್ಳಲು ಸಿಕ್ಕೀತು, ಇಲ್ಲದಿದ್ದರೆ ಇಲ್ಲ.

ಇಂದು ಅಂಥ ಹುಡುಗನ ಜೇಬಿನಲ್ಲಿ ಮೊಬೈಲ್ ಇದೆ. ಕಾಸು ಕೊಡದೆ, ಯಾರ ಮರ್ಜಿಯನ್ನೂ ಕಾಯದೆ ಸ್ವರಲಿಪಿಯ ದೊಡ್ಡ ಗ್ರಂಥಗಳನ್ನೇ ಅಂತರ್ಜಾಲದಿಂದ ಇಳಿಸಿಕೊಳ್ಳಬಹುದು.

ಮುಚ್ಚಿ ತೆರೆದ ಭಂಡಾರ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಹೆಸರಾದ ಭಂಡಾರ ಐಎಂಎಸ್‌ಎಲ್‌ಪಿ. ಎಡ್ವರ್ಡ್ ಗುವೊ ಎಂಬ ವಿದ್ಯಾರ್ಥಿ 2006ರಲ್ಲಿ ಇದನ್ನು ಆರಂಭಿಸಿದರು. ಕೆನಡಾದಲ್ಲಿ ಆಗ ಕರ್ತೃ ತೀರಿಕೊಂಡ 50 ವರ್ಷಕ್ಕೆ ಕೃತಿಯ ಹಕ್ಕು ಮುಗಿಯುತ್ತಿತ್ತು. ಯುರೋಪಿನಲ್ಲಿ 70 ವರ್ಷ. ಈ ವ್ಯತ್ಯಾಸವೇ ತಕರಾರಾಯಿತು. ವಿಯೆನ್ನಾದ ಪ್ರಕಾಶಕರ ನೋಟಿಸು ಬಂದು 2007ರ ಅಕ್ಟೋಬರಿನಲ್ಲಿ ಬಾಗಿಲು ಮುಚ್ಚಿದ ಭಂಡಾರ, 2008ರ ಜೂನ್ ಕೊನೆಗೆ ಮತ್ತೆ ತೆರೆಯಿತು.

ಅಲ್ಲಿ ಬಾಖ್, ಬೀಥೋವನ್ ಜೊತೆಗೆ ನಿಕೊಲಾಯ್ ಮೆಡ್ನರ್ ಎಂಬ ರಷ್ಯನ್ ಸಂಗೀತಗಾರನ ಕೃತಿಗಳೂ ಇವೆ. ಲಂಡನ್ನಿನಲ್ಲಿ ಬಡತನ, ಅನಾರೋಗ್ಯಗಳಲ್ಲಿದ್ದ ಈತನ ಸಂಗೀತವನ್ನು ಧ್ವನಿಮುದ್ರಿಸಲು ಹಣ ಕೊಟ್ಟವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು. ಕೃತಜ್ಞತೆಯಿಂದ ಮೆಡ್ನರ್ ತನ್ನ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಅರಸರಿಗೆ ಅರ್ಪಿಸಿದ.

ನಮ್ಮ ಸಂಗೀತದ ಪುಟಗಳು

ನಮ್ಮ ಸಂಗೀತಕ್ಕೆ ಇಂಟರ್‌ನೆಟ್ ಆರ್ಕೈವ್ ಹೆಚ್ಚು ಉಪಯುಕ್ತ. ಭಾತಖಂಡೆಯವರ ಆರು ಭಾಗಗಳ 'ಕ್ರಮಿಕ ಪುಸ್ತಕ ಮಾಲಿಕಾ' ಅಲ್ಲಿ ಸಿಗುತ್ತದೆ. ಬಾಯಿಬಿಡದ ಘರಾಣೆಗಳ ಉಸ್ತಾದರನ್ನು ಒಲಿಸಿ ಅವರು ಕೂಡಿಹಾಕಿದ ಚೀಜುಗಳಿವು. ಗುರುತುಗಳು ಸರಳ: ಸ್ವರದ ಕೆಳಗೆ ಅಡ್ಡಗೆರೆ ಇದ್ದರೆ ಕೋಮಲ, ಮಧ್ಯಮದ ಮೇಲೆ ನಿಂತ ಗೆರೆ ಇದ್ದರೆ ತೀವ್ರ, ಕೆಳಗೆ ಚುಕ್ಕೆ ಮಂದ್ರ, ಮೇಲೆ ಚುಕ್ಕೆ ತಾರ. ಗುಣಾಕಾರದ ಚಿಹ್ನೆ ಸಮ್, ಸೊನ್ನೆ ಖಾಲಿ. ಇಷ್ಟು ತಿಳಿದವರು ಪೇಟಿಯ ಮುಂದೆ ಕುಳಿತು ಬಂದಿಶಿನ ಹಂದರವನ್ನು ಹಿಡಿಯಬಹುದು.

ಹುಡುಕುವಾಗ ಹೆಸರನ್ನು ಎರಡು ಮೂರು ಬಗೆಯ ಕಾಗುಣಿತದಲ್ಲಿ ಬರೆದು ನೋಡಬೇಕು. ಹಕ್ಕಿನ ವಿಚಾರವೂ ಗೊತ್ತಿರಲಿ. ನಮ್ಮ ದೇಶದಲ್ಲಿ ಕರ್ತೃ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. 1936ರಲ್ಲಿ ತೀರಿಕೊಂಡ ಭಾತಖಂಡೆಯವರ ಮೂಲ ಬರಹ ಎಂದೋ ಮುಕ್ತ. 1961ರಲ್ಲಿ ತೀರಿಕೊಂಡ ಮೈಸೂರು ವಾಸುದೇವಾಚಾರ್ಯರ ರಚನೆಗಳು 2022ರಿಂದ ಮುಕ್ತ. ಅನುವಾದಕರು, ಹೊಸ ಸಂಪಾದಕರ ಹಕ್ಕು ಬೇರೆಯೇ ಲೆಕ್ಕ.

ಆದರೆ ಪುಟ ನೋಡಿ ಹಾಡಿದ್ದೆಲ್ಲ ರಾಗವಾಗುವುದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡನ್ನು ಗೆರೆ ಎಳೆದು ತೋರಿಸಬಹುದು. ಎಷ್ಟು ಜಾರಬೇಕೆಂಬುದನ್ನು ಗುರುವೇ ಹೇಳಬೇಕು. ಪುಸ್ತಕ ಮರೆವಿಗೆ ಮದ್ದು, ಕಲಿಕೆಗೆ ಬದಲಿ ಅಲ್ಲ.

ಬರೆದಿಟ್ಟದ್ದು ಉಳಿಯಿತು

ಕರ್ನಾಟಕ ಸಂಗೀತದ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯೂ ಈಗ ಬಿಟ್ಟಿ ಸಿಗುತ್ತದೆ. ಮುತ್ತುಸ್ವಾಮಿ ದೀಕ್ಷಿತರ ಮನೆತನದ ಸುಬ್ಬರಾಮ ದೀಕ್ಷಿತರು ವಂಶದ ಆಸ್ತಿಯಂತೆ ಕಾಪಾಡಿದ್ದ ಕೃತಿಗಳನ್ನು ಸ್ವರ, ಗಮಕ ಸಹಿತ ಬರೆದು 1904ರಲ್ಲಿ ಅಚ್ಚು ಹಾಕಿಸಿದರು. ಎರಡೇ ವರ್ಷಕ್ಕೆ, 1906ರಲ್ಲಿ, ತೀರಿಕೊಂಡರು. ಅವರು ಇನ್ನೆರಡು ವರ್ಷ ಮುಂದೂಡಿದ್ದರೆ?

ಈ ಪ್ರಶ್ನೆಯನ್ನು ನಮ್ಮ ಸೀಮೆಗೂ ಕೇಳಿಕೊಳ್ಳಬೇಕು. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಪುಸ್ತಕಗಳಲ್ಲಿ ಅಚ್ಚಾಗಿವೆ. ಪದ ಸಿಕ್ಕಿತು, ಅದನ್ನು ಯಾವ ಧಾಟಿಯಲ್ಲಿ, ಯಾವ ನಡೆಯಲ್ಲಿ ಹಾಡಬೇಕೆಂಬುದು ಇನ್ನೂ ಹೆಚ್ಚಾಗಿ ಭಜನಾ ಮಂಡಳಿಗಳ ಹಿರಿಯರ ಕಂಠದಲ್ಲೇ ಇದೆ. ಒಬ್ಬ ಹಿರಿಯರು ಹೋದರೆ ಅವರೊಂದಿಗೆ ಕೆಲವು ಧಾಟಿಗಳೂ ಹೋಗುತ್ತವೆ. ಮೆಡ್ನರನ ಪುಟ ಅತನೂರಿನಲ್ಲಿ ತೆರೆಯುತ್ತದೆ. ಪಕ್ಕದ ಸೀಮೆಯ ಪದದ ಧಾಟಿ ಹುಡುಕಿದರೆ ಸಿಗುವ ಭರವಸೆಯಿಲ್ಲ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಹಿರಿಯರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಹಾಡು ಮುದ್ರಿಸಿಕೊಳ್ಳಬೇಕು. ಪೇಟಿ ಬಲ್ಲವರು ಅದನ್ನು ಕೇಳಿ ಭಾತಖಂಡೆ ಪದ್ಧತಿಯಲ್ಲಿ ಸ್ವರ ಹಾಕಬೇಕು. ಹಾಡಿದವರ ಹೆಸರು, ಊರು, ತಾರೀಖು ಬರೆಯಬೇಕು. ಆಮೇಲೆ ಅದನ್ನು ಅದೇ ಮುಕ್ತ ಭಂಡಾರಕ್ಕೆ ಸೇರಿಸಬಹುದು. ಏರಿಸುವುದಕ್ಕೂ ಕಾಸು ಬೇಕಿಲ್ಲ.

ಆ ಹಳೆಯ ವಹಿಯಲ್ಲಿ ಹಿಂದೆ ಕೆಲವು ಖಾಲಿ ಹಾಳೆಗಳು ಇದ್ದೇ ಇರುತ್ತವೆ. ಮುಂದಿನ ಭಜನೆಗೆ ಹೋಗುವಾಗ ಒಂದು ಪೆನ್ನು ಜೇಬಿನಲ್ಲಿರಲಿ.