ನಿಮಗಿದು ಗೊತ್ತೆ? ಪಿಕಪ್‌ನ ಹಿಂದಿನ ಆಕ್ಸಲ್ ಎಷ್ಟು ಬಿಸಿ?

● ಹಲಸೂರಿನಿಂದ ಕೆ.ಆರ್. ಪುರದತ್ತ ಹಳೆ ಮದ್ರಾಸ್ ರಸ್ತೆಯಲ್ಲಿ ಸರಕು ಹೊತ್ತು ಓಡುವ ಪಿಕಪ್‌ಗಳ ಹಿಂದಿನ ಆಕ್ಸಲ್ ನಡುವೆ ಕಾಣುವ ಗುಂಡನೆಯ ಉಬ್ಬೇ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಬದಿಯ ಚಕ್ರ ಹೆಚ್ಚು ಸುತ್ತಲು ಇದೇ ಕಾರಣ.

● ಸಾಮಾನ್ಯವಾಗಿ ಇದರೊಳಗೆ ಆಯಿಲ್ ಪಂಪ್ ಇರುವುದಿಲ್ಲ. ಒಳಗಿನ ದೊಡ್ಡ ಹಲ್ಲುಚಕ್ರವಾದ ಕ್ರೌನ್ ವೀಲ್ ತಿರುಗುತ್ತಾ ಎರಚುವ ಗೇರ್ ಆಯಿಲೇ ಹಲ್ಲುಗಳನ್ನು ತಣಿಸಬೇಕು.

● ಡ್ಯಾಶ್‌ಬೋರ್ಡ್‌ನ ಮುಳ್ಳು ತೋರಿಸುವುದು ಎಂಜಿನ್ ಬಿಸಿಯನ್ನು. ಆಕ್ಸಲ್‌ನದನ್ನು ತಿಳಿಯಲು ಡ್ರೈನ್ ಪ್ಲಗ್‌ನಲ್ಲಿ ಸೆನ್ಸರ್ ಕೂರಿಸಬಹುದು. ಗಾಡಿ ನಿಲ್ಲಿಸಿದೊಡನೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೂ ಅಂದಾಜು ಸಿಗುತ್ತದೆ.

● ಭಾರ ಹೊತ್ತಾಗ 100 ಡಿಗ್ರಿ ಸೆಲ್ಸಿಯಸ್ ಆಸುಪಾಸು ಅಚ್ಚರಿಯಲ್ಲ. 120 ದಾಟಿ ಅಲ್ಲೇ ನಿಂತರೆ ಎಚ್ಚರ! ಮೆಕ್ಯಾನಿಕ್‌ಗಳ ಸ್ಥೂಲ ಲೆಕ್ಕದಂತೆ, ಬಿಸಿ 10 ಡಿಗ್ರಿ ಏರಿದರೆ ಆಯಿಲ್‌ನ ಆಯುಸ್ಸು ಅರ್ಧಕ್ಕಿಳಿಯುತ್ತದೆ.

● ಮಳೆಗಾಲದಲ್ಲಿ ಆಕ್ಸಲ್‌ನ ಬಿಸಿ ಹೊರಕವಚ (ಹೌಸಿಂಗ್) ರಸ್ತೆಯ ನೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಥಟ್ಟನೆ ಕುಗ್ಗಿ, ಗಾಳಿಯಾಡುವ ಕಿಂಡಿಯಾದ ಬ್ರೀದರ್ ಮೂಲಕ ನೀರು ಎಳೆದುಕೊಳ್ಳಬಹುದು. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಬದಲಾಯಿಸಲೇಬೇಕು.

● ಶಿವಾಜಿನಗರದ ಗುಜರಿಯಲ್ಲಿ ಹಳೆ ಕ್ರೌನ್-ಪಿನಿಯನ್ (ಕ್ರೌನ್ ವೀಲ್ ಮತ್ತು ಅದನ್ನು ತಿರುಗಿಸುವ ಚಿಕ್ಕ ಗೇರ್) ಕೊಳ್ಳುವವರು ಹಲ್ಲುಗಳ ಬಣ್ಣ ನೋಡಿ. ನೀಲಿ ಛಾಯೆ ಇದ್ದರೆ ಉಕ್ಕು ಅತಿಯಾಗಿ ಕಾದು ಗಡಸುತನ ಕಳೆದುಕೊಂಡಿದೆ ಎಂದರ್ಥ.