ಗಿರಿ ಯಾಕೆ ಇನ್ನೂ ಸವೆದಿಲ್ಲ?

ಜೂನ್‌ನಲ್ಲಿ ಹಿರೇನಲ್ಲೂರಿನ ಕಡೆಯಿಂದ ಪಶ್ಚಿಮಕ್ಕೆ ನೋಡಿ. ಬಾಬಾಬುಡನ್‌ಗಿರಿ ಸಾಲಿನ ಮೇಲೆ ಕಪ್ಪು ಮೋಡ ಕೂತಿರುತ್ತೆ, ನಮ್ಮ ಹೊಲದಲ್ಲಿ ಬರೀ ಗಾಳಿ. ಮೋಡ ಗಿರಿ ಹತ್ತುವಾಗಲೇ ಹೆಚ್ಚಿನ ಮಳೆ ಸುರಿಸಿಬಿಡುತ್ತೆ. ಅದಕ್ಕೇ ಕಡೂರು ಸೀಮೆ ಮಳೆ ನೆರಳಿನ ನಾಡು.

ಈ ಗೋಡೆ ಕೋಟ್ಯಂತರ ವರ್ಷ ನಿಂತಿರೋದು ಹೇಗೆ? ಉತ್ತರ ಕಲ್ಲಿನಲ್ಲಿದೆ. ಏಣಿನ ಮೇಲೆ ನಡೆಯುವಾಗ ಒಂದು ಪದರ ಕಪ್ಪು, ಒಂದು ಪದರ ಕೆಂಪು ಅಥವಾ ಬಿಳಿ ಪಟ್ಟೆಗಳಿರೋ ಬಂಡೆ ಕಾಣುತ್ತೆ. ಇದು ಪಟ್ಟೆ ಕಬ್ಬಿಣ ಶಿಲೆ. ಸುಮಾರು 270 ಕೋಟಿ ವರ್ಷಗಳ ಹಿಂದೆ ಸಮುದ್ರದ ನೀರಲ್ಲಿ ಕರಗಿದ್ದ ಕಬ್ಬಿಣ ಮತ್ತು ಸಿಲಿಕಾ ತಳದಲ್ಲಿ ಪದರಪದರವಾಗಿ ಕೂತು ಆದದ್ದು. ಆಮೇಲೆ ಆ ಪದರಗಳು ಮಡಚಿಕೊಂಡವು. ಸುತ್ತಲಿನ ಮೆದು ಕಲ್ಲು ಸವೆದುಹೋಯ್ತು, ಸಿಲಿಕಾ ತುಂಬಿದ ಈ ಕಲ್ಲು ಏಣಾಗಿ ಉಳೀತು. ಮ್ಯಾಪ್‌ನಲ್ಲಿ ನೋಡಿದ್ರೆ ಸಾಲು ಜಾಗರ ಕಣಿವೆಯನ್ನು ಕುದುರೆ ಲಾಳದ ಹಾಗೆ ಬಳಸಿದೆ. ಅದರ ತುದಿಯೇ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಕರ್ನಾಟಕದ ಅತಿ ಎತ್ತರದ ಶಿಖರ.

ಕಪ್ಪು ಪಟ್ಟೆಯಲ್ಲಿ ಮ್ಯಾಗ್ನೆಟೈಟ್ ಇದ್ದರೆ ಅಯಸ್ಕಾಂತ ಅಂಟುತ್ತೆ, ದಿಕ್ಸೂಚಿ ಮುಳ್ಳೂ ದಾರಿ ತಪ್ಪುತ್ತೆ. ಮೊಬೈಲ್ ದಿಕ್ಕು ನಂಬಿ ಟ್ರೆಕ್ ಮಾಡೋರು ಹುಷಾರು! ಇದೇ ಸಾಲಿನ ಕೆಮ್ಮಣ್ಣುಗುಂಡಿಯ ಅದಿರು 1923ರಲ್ಲಿ ಉತ್ಪಾದನೆ ಶುರು ಮಾಡಿದ ಭದ್ರಾವತಿ ಕಾರ್ಖಾನೆಗೆ ಹೋಗುತ್ತಿತ್ತು. ಹೆಸರೇ ಹೇಳುತ್ತೆ: ಕೆಂಪು ಮಣ್ಣಿನ ಗುಂಡಿ.

ಮಳೆ ತಡೆಯೋ ಗಿರಿಯೇ ನಮಗೆ ನೀರನ್ನೂ ಕೊಡುತ್ತೆ. ಅಲ್ಲಿ ಹುಟ್ಟುವ ವೇದಾ ನದಿಗೆ ಅಯ್ಯನಕೆರೆ, ಅವತಿಗೆ ಮದಗದ ಕೆರೆ. ಎರಡೂ ಸೇರಿ ವೇದಾವತಿಯಾಗಿ ಕಡೂರು ತಾಲ್ಲೂಕು ದಾಟಿ ಹಿರಿಯೂರಿನ ವಾಣಿವಿಲಾಸ ಸಾಗರ ಸೇರುತ್ತೆ. ನೆತ್ತಿಯ ಹುಲ್ಲು, ಕೊರಕಲುಗಳ ಶೋಲಾ ಕಾಡು ಮಳೆನೀರು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತವೆ.

ಕಲ್ಲು ಗಟ್ಟಿ ನಿಜ, ಆದರೆ ಅದರ ಮೇಲಿನ ಮಣ್ಣು ತೆಳು. ಹುಲ್ಲಿನ ಮೇಲೆ ಬೈಕ್, ಜೀಪ್ ಹತ್ತಿಸಿದ್ರೆ ಚಕ್ರದ ಗುರುತೇ ಮಳೆಗಾಲದಲ್ಲಿ ಕೊರಕಲಾಗುತ್ತೆ, ಮಣ್ಣು ಕೆಳಗೆ ಹರಿದು ಹಳ್ಳ ಕೆರೆಗಳಲ್ಲಿ ಹೂಳಾಗುತ್ತೆ. ಒಂದು ರೀಲ್ಸ್‌ಗೋಸ್ಕರ ಕೆಳಗಿನ ರೈತನ ನೀರು ಕಡಿಮೆ ಮಾಡೋದು ಬೇಡ. ಮುಂದಿನ ಸಲ ಗಿರಿಗೆ ಹೋದಾಗ ದಾರಿ ಬಿಟ್ಟು ಇಳಿಯಬೇಡಿ. ಜೇಬಲ್ಲಿ ಒಂದು ಅಯಸ್ಕಾಂತ ಮಾತ್ರ ಇಟ್ಕೊಳ್ಳಿ.