ನಿಮಗಿದು ಗೊತ್ತೇ? ಅಂಗಡಿ ನಿಮ್ಮದೇ, ಗಲ್ಲಾದ ಮುಂದೆ ಕೂರಲು ಪರವಾನಗಿ ಬೇಕು!

ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆ. ದಲಾಲಿ ಅಂಗಡಿಯ ಮುಂದೆ ಚೀಲದ ಬಾಯಿ ಬಿಚ್ಚಿಟ್ಟಿರುತ್ತಾರೆ. ಖರೀದಿದಾರ ಒಂದು ಹಿಡಿ ಎತ್ತಿ, ಡಬ್ಬಿ ತಳಿಯೋ ಕಡ್ಡಿ ತಳಿಯೋ ನೋಡಿ, ಒಂದು ಕಾಯಿ ಮುರಿದು, ಟೆಂಡರ್ ದರ ಬರೆದುಕೊಂಡು ಮುಂದಿನ ರಾಶಿಗೆ ಹೋಗುತ್ತಾನೆ. ಇದೇ ಮಾಲನ್ನು ದುಬೈಗೆ, ಲಂಡನ್ನಿಗೆ ಕಳಿಸಲು ವ್ಯಾಪಾರಿಗೆ ವೀಸಾ ಬೇಕೇ? ಬೇಡ. ಆಮದು-ರಫ್ತು ಸಂಖ್ಯೆ, ಸಾಂಬಾರ ಮಂಡಳಿಯ ರಫ್ತುದಾರ ನೋಂದಣಿ, ಇಂಥ ಕಾಗದಗಳಿದ್ದರೆ ಚೀಲ ಹಡಗು ಹತ್ತುತ್ತದೆ. ಚೀಲದ ಹಿಂದೆ ತಾನೂ ಹೋಗಿ ಅಲ್ಲೇ ಅಂಗಡಿ ಹಾಕಿ ಕೂರುತ್ತೇನೆ ಎಂದರೆ ಮಾತ್ರ ಲೆಕ್ಕ ಬೇರೆ.

ಕಂಪನಿಯ ಮಾಲೀಕನಾಗುವುದು ಒಂದು ಹಕ್ಕು, ಆ ಕಂಪನಿಯಲ್ಲಿ ಕೆಲಸ ಮಾಡುವುದು ಇನ್ನೊಂದು. ಅಮೆರಿಕದಲ್ಲಿ ಕಂಪನಿ ನೋಂದಾಯಿಸಲು ಆ ದೇಶದ ಪೌರನಾಗಬೇಕಿಲ್ಲ, ಅಲ್ಲಿ ಕಾಲಿಡಬೇಕೆಂದೂ ಇಲ್ಲ. ರಾಣೆಬೆನ್ನೂರಿನಲ್ಲಿ ಕೂತೇ ಮಾಡಬಹುದು. ಆದರೆ ಅದೇ ಕಂಪನಿಯ ಕುರ್ಚಿಯಲ್ಲಿ ಅಮೆರಿಕದೊಳಗೆ ಕೂತು ಕೆಲಸ ಮಾಡಬೇಕಾದರೆ ಕೆಲಸದ ವೀಸಾ ಕೈಯಲ್ಲಿರಬೇಕು. ಸಂಬಳ ತೆಗೆದುಕೊಳ್ಳುವುದಿಲ್ಲ ಎಂದರೂ ಅಧಿಕಾರಿಗಳು ಸುಮ್ಮನೆ ಬಿಡುವುದಿಲ್ಲ.

ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾದ ವ್ಯಾಪಾರಿಗೆ ಅಮೆರಿಕದಲ್ಲಿ ಸಿಗುವ ‘ಇ-2’ ಹೂಡಿಕೆದಾರರ ವೀಸಾ ಭಾರತೀಯರಿಗೆ ಸಿಗುವುದಿಲ್ಲ! ಆ ವೀಸಾ ಎರಡು ದೇಶಗಳ ನಡುವಿನ ವಾಣಿಜ್ಯ ಒಪ್ಪಂದದ ಮೇಲೆ ನಿಂತಿದೆ. ನಮಗೂ ಅಮೆರಿಕಕ್ಕೂ ಅಂಥ ಒಪ್ಪಂದವಿಲ್ಲ. ಸಣ್ಣ ಹೋಟೆಲು, ಪೆಟ್ರೋಲ್ ಬಂಕು ಕೊಂಡು ನಡೆಸುವವರಿಗೆ ಹೇಳಿ ಮಾಡಿಸಿದ ವೀಸಾ ಅದು. ನಮ್ಮವರಿಗೆ ಉಳಿಯುವ ದೊಡ್ಡ ಬಾಗಿಲು ‘ಇಬಿ-5’. ಅದಕ್ಕೆ ಕನಿಷ್ಠ 8 ಲಕ್ಷ ಡಾಲರ್ ಹೂಡಬೇಕು, 10 ಜನಕ್ಕೆ ಉದ್ಯೋಗ ಕೊಡಬೇಕು. ಅಷ್ಟು ರೊಕ್ಕ ಇದ್ದವರು ಹಾವೇರಿ ಬಿಟ್ಟು ಯಾಕೆ ಹೋಗುತ್ತಾರೋ, ಅದು ಬೇರೆ ಮಾತು.

ಎಚ್‌-1ಬಿ ಕೆಲಸದ ವೀಸಾ ಮೇಲೆ ಅಮೆರಿಕಕ್ಕೆ ಹೋದ ಇಂಜಿನಿಯರ್ ತನ್ನದೇ ಕಂಪನಿಯಿಂದ ತನಗೇ ವೀಸಾ ಅರ್ಜಿ ಹಾಕಿಸಬಹುದೇ? 2025ರ ಜನವರಿ 17ರಿಂದ ಜಾರಿಗೆ ಬಂದ ನಿಯಮ ಇದಕ್ಕೆ ಸ್ಪಷ್ಟವಾಗಿ ಹೂಂ ಎಂದಿದೆ. ಕಂಪನಿಯ ಹಿಡಿತ ಅವನ ಕೈಯಲ್ಲೇ ಇದ್ದರೆ ಮಾತ್ರ ಮೊದಲ ಅವಧಿ ಮೂರು ವರ್ಷವಲ್ಲ, 18 ತಿಂಗಳು. ಮೊದಲ ವಿಸ್ತರಣೆಯೂ ಅಷ್ಟೇ.

ಈಗ ಕೊಲ್ಲಿ ದೇಶಗಳ ಕಡೆ ಬನ್ನಿ. ಉಡುಪಿ ಜಿಲ್ಲೆಯ ಕಾಪುವಿನ ಬಿ.ಆರ್. ಶೆಟ್ಟಿ ಅಬುಧಾಬಿಗೆ ಹೋದದ್ದು 1973ರಲ್ಲಿ, ಅವರ ಎನ್‌ಎಂಸಿ ಆಸ್ಪತ್ರೆ ಶುರುವಾದದ್ದು 1975ರಲ್ಲಿ. ಆಮೇಲೆ ಬಂದ ಯುಎಇಯ 1984ರ ಕಂಪನಿ ಕಾಯ್ದೆಯಲ್ಲಿ, ಮುಕ್ತ ವಲಯಗಳ ಹೊರಗೆ ಕಂಪನಿ ಮಾಡುವ ವಿದೇಶಿಗೆ ಒಂದು ಷರತ್ತಿತ್ತು: ಶೇ 51 ಪಾಲು ಆ ನಾಡಿನವನ ಹೆಸರಿನಲ್ಲಿರಬೇಕು. ಬಂಡವಾಳ, ಬೆವರು ಎರಡೂ ನಮ್ಮವನದು, ಕಾಗದದ ಮೇಲೆ ದೊಡ್ಡ ಪಾಲುದಾರ ಮಾತ್ರ ಸ್ಥಳೀಯ. ಪಾಲುದಾರ ಒಳ್ಳೆಯವನಾದರೆ ವರ್ಷಕ್ಕಿಷ್ಟು ಶುಲ್ಕ ತೆಗೆದುಕೊಂಡು ತೆಪ್ಪಗಿರುತ್ತಿದ್ದ. ಮನಸ್ಸು ಕೆಟ್ಟಿತೋ, ಕಟ್ಟಿದ ವ್ಯಾಪಾರಕ್ಕೇ ಕುತ್ತು. 2021ರ ಜೂನ್ 1ರಿಂದ ಆ ಷರತ್ತು ಬಹುತೇಕ ವ್ಯವಹಾರಗಳಿಗೆ ಹೋಯಿತು. ಯುಎಇಯಲ್ಲಿ ಈಗ ಪೂರ್ತಿ ಶೇ 100 ಪಾಲೂ ವಿದೇಶಿಯದೇ ಆಗಿರಬಹುದು.

ಸೌದಿಯಲ್ಲಿ ಇದೇ ಒಳಒಪ್ಪಂದಕ್ಕೆ ‘ತಸತ್ತುರ್’ ಎನ್ನುತ್ತಾರೆ. ಸ್ಥಳೀಯನ ಲೈಸೆನ್ಸು, ಒಳಗೆ ವ್ಯಾಪಾರ ವಿದೇಶಿಯದು. ಅಲ್ಲಿನ ಹೊಸ ಕಾಯ್ದೆಯಲ್ಲಿ ಇದಕ್ಕೆ 5 ವರ್ಷದವರೆಗೆ ಜೈಲು, 50 ಲಕ್ಷ ರಿಯಾಲ್‌ವರೆಗೆ ದಂಡ. ಶಿಕ್ಷೆ ಮುಗಿದ ಮೇಲೆ ವಿದೇಶಿಗೆ ಗಡಿಪಾರು. ‘ನಮ್ಮ ಕಫೀಲ್ (ಸ್ಥಳೀಯ ಪ್ರಾಯೋಜಕ) ಭಾಳ ಒಳ್ಳೆಯಾಂವ’ ಎಂಬ ಭರವಸೆಯ ಮೇಲೆ ಊರಿನ ಹೊಲ ಮಾರಿ ಹೋಗುವವರು ಇದನ್ನೊಮ್ಮೆ ಓದಿಕೊಳ್ಳಬೇಕು.

ಥಾಯ್ಲೆಂಡಿನಲ್ಲಿ ವಿದೇಶಿಯರು ಕ್ಷೌರದ ಕೆಲಸ ಮಾಡುವ ಹಾಗಿಲ್ಲ. ಆ ವೃತ್ತಿ ಥಾಯ್ ಪ್ರಜೆಗಳಿಗೇ ಮೀಸಲು. ಪ್ರವಾಸಿ ಮಾರ್ಗದರ್ಶಿ, ಬೀದಿ ವ್ಯಾಪಾರವೂ ಹಾಗೆಯೇ.

ಜಪಾನಿನಲ್ಲಿ ಸ್ವಂತ ಉದ್ಯಮ ನಡೆಸುವವರ ವೀಸಾಕ್ಕೆ 50 ಲಕ್ಷ ಯೆನ್ ಬಂಡವಾಳ ಸಾಕಿತ್ತು. 2025ರ ಅಕ್ಟೋಬರ್ 16ರಿಂದ ಅದು 3 ಕೋಟಿ ಯೆನ್. ಒಂದೇ ಏಟಿಗೆ ಆರು ಪಟ್ಟು! ಪೂರ್ಣಾವಧಿಯ ಒಬ್ಬ ನೌಕರನನ್ನೂ ಇಟ್ಟುಕೊಳ್ಳಬೇಕು.

ಬ್ರಿಟನ್ನಿನದು ತಿರುವುಮುರುವು. 2023ರ ಏಪ್ರಿಲ್ 13ರಿಂದ ಬಂದ ‘ಇನ್ನೋವೇಟರ್ ಫೌಂಡರ್’ ವೀಸಾಕ್ಕೆ ಹಿಂದಿದ್ದ 50 ಸಾವಿರ ಪೌಂಡ್ ಷರತ್ತು ಇಲ್ಲ. ಬದಲಿಗೆ, ಮಾರುಕಟ್ಟೆಯಲ್ಲಿ ಇಲ್ಲದ ಹೊಸ ಯೋಚನೆ ಬೇಕು, ಅದಕ್ಕೆ ಸರ್ಕಾರ ಒಪ್ಪಿದ ಸಂಸ್ಥೆಯ ಅನುಮೋದನೆ ಬೇಕು. ಖಾರದಪುಡಿ, ರೊಟ್ಟಿ ಮಾರುವ ಅಂಗಡಿಗೆ ಅಲ್ಲಿ ಬಾಗಿಲು ತೆರೆಯುವುದು ಕಷ್ಟ. ಜರ್ಮನಿಯಲ್ಲಿ ಸ್ವಂತ ಉದ್ಯೋಗದ ಪರವಾನಗಿ ಕೇಳುವವರ ವಯಸ್ಸು 45 ದಾಟಿದ್ದರೆ, ಮುಪ್ಪಿಗೆ ಏನು ಕೂಡಿಟ್ಟಿದ್ದೀರಿ ಎಂದು ಪುರಾವೆ ಕೇಳುತ್ತಾರೆ.

ಸ್ಟಾರ್ಟಪ್, ಬಂಡವಾಳ ಎಂಬ ಮಾತೇ ಇಲ್ಲದೆ ವಿದೇಶದಲ್ಲಿ ಸ್ವಂತ ವ್ಯಾಪಾರ ಮಾಡುವ ಕನ್ನಡ ನಾಡಿನ ಮಂದಿ ಯಾರು ಗೊತ್ತೇ? ಹಕ್ಕಿಪಿಕ್ಕಿಗಳು. ನಮ್ಮ ನೆರೆಯ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಶಿವಮೊಗ್ಗ, ಮೈಸೂರಿನ ಹುಣಸೂರು ಕಡೆಯ ಹಾಡಿಗಳಿಂದ ಗಿಡಮೂಲಿಕೆ ಎಣ್ಣೆ ಹಿಡಿದು ಆಫ್ರಿಕಾದ ದೇಶಗಳಿಗೆ ಹೋಗಿ ಮಾರಿ ಬರುತ್ತಾರೆ. ಮನೆಮಾತು ವಾಗ್ರಿ, ಊರಿನ ಮಾತು ಕನ್ನಡ. ಹೋದಲ್ಲಿನ ಭಾಷೆಯನ್ನು ವ್ಯಾಪಾರಕ್ಕೆ ಬೇಕಾದಷ್ಟು ಕಲಿತುಬಿಡುತ್ತಾರೆ. ಲೋಕಕ್ಕೆ ಇದು ತಿಳಿದದ್ದು 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಗುಂಡಿನ ಕಾಳಗ ಶುರುವಾದಾಗ. ಡಾರ್ಫರ್ ಪ್ರಾಂತ್ಯದ ಎಲ್-ಫಶೆರ್‌ನಲ್ಲಿ ಅವರು ಸಿಲುಕಿದ್ದರು. 31 ಮಂದಿ ಸಿಲುಕಿದ್ದಾರೆಂದು ಸಿದ್ದರಾಮಯ್ಯ ಟ್ವೀಟ್ ಮಾಡಿದರು, ಇದರಲ್ಲಿ ರಾಜಕೀಯ ಬೇಡವೆಂದು ವಿದೇಶಾಂಗ ಸಚಿವ ಜೈಶಂಕರ್ ತಿರುಗಿಬಿದ್ದರು. ವಿಧಾನಸಭೆ ಚುನಾವಣೆಯ ಬಿಸಿ ಬೇರೆ. ಕೊನೆಗೆ ‘ಆಪರೇಷನ್ ಕಾವೇರಿ’ಯಲ್ಲಿ ಪೋರ್ಟ್ ಸುಡಾನ್‌ನಿಂದ ಜೆಡ್ಡಾ ದಾರಿಯಾಗಿ ಭಾರತೀಯರನ್ನು ಕರೆತಂದರು. ಕಾರ್ಯಾಚರಣೆಗೆ ಹೆಸರೂ ನಮ್ಮ ಹೊಳೆಯದೇ! ಕಂಪನಿಯ ನೌಕರನಾದರೆ ವಿಚಾರಿಸಲು ಒಬ್ಬ ಧಣಿ ಇರುತ್ತಾನೆ. ತಾನೇ ಧಣಿಯಾದ ಎಣ್ಣೆ ವ್ಯಾಪಾರಿಗೆ ರಾಯಭಾರ ಕಚೇರಿಯೇ ಗತಿ.

ಇನ್ನು ಹೊರಗಿನವರು ಇಲ್ಲಿಗೆ ಬಂದರೆ? ರಾಣೆಬೆನ್ನೂರು ತರಕಾರಿ ಬೀಜದ ಊರು. ಇಲ್ಲಿನ ನೆರಳುಪರದೆಯೊಳಗೆ ಹೆಣ್ಣುಮಕ್ಕಳು ಟೊಮೆಟೊ ಮೊಗ್ಗನ್ನು ಚಿಮಟದಿಂದ ಬಿಡಿಸಿ ಗಂಡುಭಾಗ ತೆಗೆದು, ಆಮೇಲೆ ಬೇರೆ ತಳಿಯ ಪರಾಗ ಮುಟ್ಟಿಸುತ್ತಾರೆ. ‘ಕ್ರಾಸಿಂಗ್’ ಎಂದರೆ ಎಲ್ಲರಿಗೂ ಗೊತ್ತು. ಇಂಥ ಬೀಜ ಕೊಳ್ಳಲು, ಒಪ್ಪಂದ ಮಾಡಲು, ಇಲ್ಲಿ ಸ್ವಂತ ಕಂಪನಿ ಶುರು ಮಾಡಲು ಬರುವ ವಿದೇಶಿಗೆ ಬಿಸಿನೆಸ್ ವೀಸಾ. ಇಲ್ಲಿನ ಕಂಪನಿಯಲ್ಲಿ ನೌಕರಿಗೆ ಸೇರಿ ಸಂಬಳ ತೆಗೆದುಕೊಂಡರೆ ಎಂಪ್ಲಾಯ್‌ಮೆಂಟ್ ವೀಸಾ. ಅದಕ್ಕೆ ಸಾಮಾನ್ಯವಾಗಿ ವರ್ಷಕ್ಕೆ 16.25 ಲಕ್ಷ ರೂಪಾಯಿ ಸಂಬಳವಾದರೂ ಇರಬೇಕು. ಅವರವರ ದೇಶದ ಅಡುಗೆ ಮಾಡುವ ಬಾಣಸಿಗರಿಗೆ ಈ ಮಿತಿಯಿಂದ ವಿನಾಯಿತಿ. 180 ದಿನ ಮೀರಿ ಉಳಿಯುವ ವೀಸಾ ಇದ್ದರೆ ಬಂದ 14 ದಿನದೊಳಗೆ ನೋಂದಣಿ. ಅರ್ಜಿ ಆನ್‌ಲೈನ್, ಜಿಲ್ಲೆಯಲ್ಲಿ ನೋಂದಣಿ ಅಧಿಕಾರಿ ಎಸ್‌ಪಿ ಸಾಹೇಬರೇ. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಬಂದಿದೆ.

ಇದಕ್ಕೂ ಹಳೆಯ ಕಥೆ ಕೇಳಿ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಬ್ರಿಟಿಷ್ ವ್ಯಾಪಾರಿಯೇ ಆಗಲಿ, ಕಂಪನಿಯ ಲೈಸೆನ್ಸ್ ಇಲ್ಲದೆ ಭಾರತದಲ್ಲಿ ನೆಲೆಸುವಂತಿರಲಿಲ್ಲ. 1833ರ ಚಾರ್ಟರ್ ಕಾಯ್ದೆ ಆ ಕಟ್ಟು ಸಡಿಲಿಸಿತು, ಮುಖ್ಯವಾಗಿ 1800ಕ್ಕೆ ಮುಂಚೆ ಕಂಪನಿಯ ಕೈಯಲ್ಲಿದ್ದ ಪ್ರದೇಶಗಳಿಗೆ. ಹಾವೇರಿ ಸೇರಿದ್ದ ಧಾರವಾಡ ಸೀಮೆ ಪೇಶ್ವೆಗಳಿಂದ ಕಂಪನಿಗೆ ಸಿಕ್ಕಿದ್ದು 1817-18ರಲ್ಲಿ. ಹಾಗಾಗಿ ನಮ್ಮ ಕಡೆ ಬರುವ ಬಿಳಿಯ ವ್ಯಾಪಾರಿಗೆ ಆ ಕಾಯ್ದೆಯ ಪ್ರಕಾರ ಆಮೇಲೂ ಲೈಸೆನ್ಸ್ ಬೇಕಿತ್ತು.

ಮತ್ತೆ ಹೊರಗೆ ಹೊರಟ ನಮ್ಮವರ ಮಾತಿಗೆ ಬನ್ನಿ. ವೀಸಾ ಸಿಕ್ಕಿತು, ರೊಕ್ಕ ಹೊರಗೆ ಹೋಗುವುದು ಹೇಗೆ? ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಹೂಡಿಕೆಗೆ ಕಳಿಸುವುದಾದರೆ, 10 ಲಕ್ಷ ರೂಪಾಯಿ ಮೀರಿದ ಮೊತ್ತದ ಮೇಲೆ ಬ್ಯಾಂಕು ಶೇ 20 ತೆರಿಗೆ (ಟಿಸಿಎಸ್) ಮುಂಚೆಯೇ ಹಿಡಿಯುತ್ತದೆ. ರಿಟರ್ನ್ ಸಲ್ಲಿಸುವಾಗ ಅದು ಲೆಕ್ಕಕ್ಕೆ ಬರುತ್ತದೆ, ಆದರೆ ಅಲ್ಲಿಯವರೆಗೆ ಕೈಯಲ್ಲಿ ರೊಕ್ಕ ಇರುವುದಿಲ್ಲ. ಅಂಗಡಿಯ ಬಾಡಿಗೆ, ಫ್ರಿಜ್ಜು, ಬೋರ್ಡು ಎಂದು ಪೈಸೆ ಪೈಸೆ ಲೆಕ್ಕ ಹಾಕಿ ಹೊರಟವರು ಎಡವುವುದು ಇಲ್ಲೇ.

ಹೋದ ಮಗ ಅಮೆರಿಕದ ಪೌರನಾಗಿ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಹಿಡಿದು ಊರಿಗೆ ಮರಳಿದರೆ, ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿ ತೆರೆದು ನಡೆಸಲು ಅವನಿಗೆ ಕೆಲಸದ ವೀಸಾ ಬೇಡ, ಪೊಲೀಸ್ ನೋಂದಣಿಯೂ ಬೇಡ. ಬೀಜ ಬೆಳೆಯಲು ಒಂದು ಗುಂಟೆ ಕೃಷಿಭೂಮಿ ಕೊಳ್ಳುವಂತಿಲ್ಲ, ಅಷ್ಟೇ. ಅಪ್ಪನ ಹೊಲ ವಾರಸಿನಲ್ಲಿ ಬಂದರೆ ಅಡ್ಡಿಯಿಲ್ಲ.